ಖರ್ಜೂರದ ಮರದಡಿ ಕೂತವಳು

ಕ್ರಿ.ಶ. 71ರ ರೋಮ್. ವೆಸ್ಪಾಸಿಯನ್ ಚಕ್ರವರ್ತಿಯ ಸೆಸ್ಟರ್ಶಿಯಸ್ ನಾಣ್ಯದ ತೂಕ ಸುಮಾರು 25 ಗ್ರಾಂ. ಕಂಚಿನ ನಾಣ್ಯವೆಂದೇ ಕರೆದರೂ ಇದು ತಾಮ್ರಕ್ಕೆ ಸತು ಬೆರೆಸಿದ ಹಿತ್ತಾಳೆ. ಹೊಸದಿದ್ದಾಗ ಚಿನ್ನದಂತೆ ಹೊಳೆಯುತ್ತಿತ್ತು.

ಒಂದು ಬದಿಗೆ ಎಲೆಗಳ ಕಿರೀಟ ತೊಟ್ಟ ಚಕ್ರವರ್ತಿ: ದಪ್ಪ ಕುತ್ತಿಗೆ, ಸುಕ್ಕುಗಟ್ಟಿದ ಹಣೆ. ಇನ್ನೊಂದು ಬದಿಗೆ ಖರ್ಜೂರದ ಮರ, ಅದರಡಿ ತಲೆಗೆ ಕೈಕೊಟ್ಟು ಕೂತ ಹೆಂಗಸು. ಅವಳೇ ಸೋತ ಯೂದಾಯ, ಯೆಹೂದಿಗಳ ನಾಡು. ಹಿಂದಿನ ವರ್ಷವಷ್ಟೇ ಚಕ್ರವರ್ತಿಯ ಮಗ ಟೈಟಸ್‌ನ ಸೇನೆ ಜೆರುಸಲೇಮನ್ನು ಹಿಡಿದಿತ್ತು, ಅಲ್ಲಿನ ದೇವಾಲಯ ಬೆಂಕಿಗೆ ಆಹುತಿಯಾಗಿತ್ತು.

ಓದು ಬಾರದವರಿಗೂ ಚಿತ್ರ ಅರ್ಥವಾಗುತ್ತಿತ್ತು. ಒಂದು ಜನಾಂಗದ ದುಃಖ ಹೀಗೆ ಪೇಟೆಯ ಚಿಲ್ಲರೆಯಾಗಿ ಕೈಯಿಂದ ಕೈಗೆ ದಾಟಿತು.

1958ರಲ್ಲಿ ಇಸ್ರೇಲ್ ತನ್ನ ಹತ್ತನೇ ವರ್ಷದ ಪದಕದ ಒಂದು ಬದಿಗೆ ಇದೇ ಚಿತ್ರವನ್ನು ಹಾಕಿತು. ಇನ್ನೊಂದು ಬದಿಗೆ ಮಗುವನ್ನು ಎತ್ತಿ ಹಿಡಿದ ತಾಯಿ.