ಟಾಲಿಯ ಮಾರಿ

ಎಳ್ಳಮಾವಾಸ್ಯೆಗೆ ಜೇವರ್ಗಿಯಿಂದ ತಂಗಿಯ ಮಗ ಆಳಂದಕ್ಕೆ ಬಂದಿದ್ದ. ಇಂಜಿನಿಯರಿಂಗ್ ಓದುವ ಹುಡುಗ. ಒಂದು ಜೊತೆ ಬಟ್ಟೆ, ಇಟ್ಟಿಗೆಯಷ್ಟು ಭಾರದ ಲ್ಯಾಪ್‌ಟಾಪು. ರಾತ್ರಿ ಹನ್ನೆರಡು ದಾಟಿರಬೇಕು, ಮಾಳಿಗೆ ಮೇಲಿಂದ ಅವನ ದನಿ ಕೇಳಿಸಿತು. ಫೋನಿನಲ್ಲಿ ಯಾರ ಮೇಲೋ ಹರಿಹಾಯುತ್ತಿದ್ದ.

"ಲೇ, ಆಕಿ ಅಂಥಾಕಿ ಅಲ್ಲಲೇ! ಮೊದಲ್ನೇದ್ರಾಗ ಆಕಿ ಹೆಂಗಿದ್ಳು, ಸ್ವಲ್ಪ ನೆನಪ್ ಮಾಡ್ಕೊ!"

ನನಗೆ ನಿದ್ದೆ ಹಾರಿತು. ಹುಡುಗ ಎಲ್ಲೋ ಸಿಕ್ಕಿಬಿದ್ದಿದ್ದಾನೆ, ಇನ್ನು ತಂಗಿಗೆ ಹೇಳುವ ಕೆಲಸ ನನ್ನ ತಲೆಗೆ ಬಂತು ಎಂದುಕೊಳ್ಳುತ್ತ ಮೆಟ್ಟಿಲು ಹತ್ತಿದೆ. ಪರದೆಯ ಮೇಲೆ ಒಬ್ಬಳು ನಿಂತಿದ್ದಳು. ತಲೆಗೆ ನೇರಳೆ ಬಣ್ಣದ ಸೆರಗಿನಂಥದ್ದು, ಮುಖಕ್ಕೆ ಗಾಜಿನ ಮುಚ್ಚಳ. ಒಳಗೆ ಎರಡು ಕಣ್ಣು ಮಾತ್ರ ಮಿಣಮಿಣ.

"ಇಕಿ ಯಾರೋ?"

"ಟಾಲಿ, ಮಾಮಾ."

ಆ ರಾತ್ರಿ ಅವನು ಹೇಳಿದ ಪುರಾಣ ಇಷ್ಟು. ಆಟದ ಹೆಸರು ಮಾಸ್ ಎಫೆಕ್ಟ್. ಕೆನಡಾದ ಎಡ್ಮಂಟನ್‌ನ ಬಯೋವೇರ್ ಕಂಪನಿ 2007ರಲ್ಲಿ ಮೊದಲ ಭಾಗ ತಂದಿತು, 2010ರಲ್ಲಿ ಎರಡನೆಯದು, 2012ರಲ್ಲಿ ಮೂರನೆಯದು. ಐವತ್ತು ಸಾವಿರ ವರ್ಷಕ್ಕೊಮ್ಮೆ ಯಂತ್ರರಾಕ್ಷಸರು ಬಂದು, ನಾವು ತೊಗರಿ ರಾಶಿ ಮಾಡಿದಂತೆ, ಬೆಳೆದು ನಿಂತ ಲೋಕಗಳನ್ನೆಲ್ಲ ಕೊಯ್ದು ಹೋಗುತ್ತಾರೆ. ತಡೆಯುವವನು ಶೆಪರ್ಡ್ ಎಂಬ ಕಮಾಂಡರ್. ಹೆಣ್ಣಾಗಿಯೂ ಆಡಬಹುದು, ಗಂಡಾಗಿಯೂ ಆಡಬಹುದು. ರಾಕ್ಷಸರ ಸುದ್ದಿಯನ್ನು ಅಳಿಯ ಎರಡೇ ಮಾತಿನಲ್ಲಿ ಮುಗಿಸಿದ. ಉಳಿದ ಹೊತ್ತೆಲ್ಲ ಶೆಪರ್ಡ್ ಯಾರನ್ನು ಪ್ರೀತಿಸಬೇಕು ಎಂಬುದೇ.

ಈ ಟಾಲಿಯ ಕುಲದವರಿಗೆ ರೋಗ ತಡೆಯುವ ಶಕ್ತಿ ತೀರ ಕಡಿಮೆ. ಅದಕ್ಕೇ ಮುಚ್ಚಿದ ಉಡುಪಿನಲ್ಲೇ ಬಾಳು. ಮೊದಲ ಭಾಗದಲ್ಲಿ ಅವಳು ಬರೀ ಜೊತೆಗಾರ್ತಿ. ಗ್ಯಾರಸ್ ಎಂಬ, ಹಲ್ಲಿಗೂ ಹದ್ದಿಗೂ ಹುಟ್ಟಿದಂತಿರುವ ಸಿಪಾಯಿಯೂ ಅಷ್ಟೆ. ಆಡಿದ ಜನ ಈ ಇಬ್ಬರಿಗೇ ಮನಸೋತು ಕೇಳಿದ್ದೇ ಕೇಳಿದ್ದು. ಎರಡನೇ ಭಾಗದಲ್ಲಿ ಇಬ್ಬರಿಗೂ ಪ್ರಣಯದ ದಾರಿ ತೆರೆಯಿತು: ಗಂಡು ಶೆಪರ್ಡ್‌ಗೆ ಟಾಲಿ, ಹೆಣ್ಣು ಶೆಪರ್ಡ್‌ಗೆ ಗ್ಯಾರಸ್.

ಈ ಪಂಚಾಯಿತಿಯನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಕೇಳಿದ್ದು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ದಂಡೆಯ ನನ್ನ ಕಾಕಾನ ಊರಿನಲ್ಲಿ.

ನಾನಾಗ ಐದನೇ ಇಯತ್ತೆ. ಜಾತ್ರೆಗೆ ಸಂಗ್ಯಾ-ಬಾಳ್ಯಾ ಆಡಿದ್ದರು. ಬೈಲಹೊಂಗಲದ ಕಡೆ ನಡೆದ ಕೊಲೆಯೊಂದನ್ನು ಕಟ್ಟಿ ಆಡಿದ ಸಣ್ಣಾಟ ಅದು. ಚಂದ್ರಶೇಖರ ಕಂಬಾರರು ಸಂಪಾದಿಸಿ ಓದುವವರ ಕೈಗೂ ಕೊಟ್ಟರು. ಈರಣ್ಣನ ಹೆಂಡತಿ ಗಂಗಿ, ಅವಳ ಮೇಲೆ ಮನಸ್ಸಿಟ್ಟ ಸಂಗ್ಯಾ, ಅವನ ಗೆಳೆಯ ಬಾಳ್ಯಾ, ನಡುವೆ ಮಾತು ಸಾಗಿಸುವ ಮುದುಕಿ ಪಾರಮ್ಮ. ರಾತ್ರಿ ಶುರುವಾದರೆ ಮುಗಿಯುವುದು ಕೋಳಿ ಕೂಗಿದಾಗ. ಗ್ಯಾಸ್ ಬತ್ತಿಯ ಬೆಳಕಿನಲ್ಲಿ ಇಳಕಲ್ ಸೀರೆಯ ಸೆರಗು ಕಣ್ಣಿನ ತನಕ ಎಳೆದು ಬಂದ ಗಂಗಿಯನ್ನು ನೋಡಿ, ಹೇಳಿಕೊಳ್ಳಲು ನಾಚಿಕೆ, ನಾನೂ ಅರ್ಧ ಸಂಗ್ಯಾನೇ ಆಗಿದ್ದೆ.

ಬೆಳಿಗ್ಗೆ ಕಾಕಾ ಚಹಾದಂಗಡಿಗೆ ಕರೆದೊಯ್ದ. ಅಲ್ಲಿ ಬೆಂಚಿನ ಮೇಲೆ ಗಂಗಿ ಬೀಡಿ ಸೇದುತ್ತ ಕೂತಿದ್ದಳು. ಊರಿನ ಬಡಿಗ್ಯಾ. ಕಿವಿಯ ಹಿಂದೆ ಪೌಡರು ಹಾಗೇ ಉಳಿದಿತ್ತು, ಪಾದದಲ್ಲಿ ಅಲತಿಗೆಯ ಕೆಂಪು, ಮೇಲ್ದುಟಿಯ ಮೇಲೆ ಬೋಳಿಸಿದ ಮೀಸೆ ಆಗಲೇ ಮುಳ್ಳುಮುಳ್ಳು. ನಾನು ಚಹಾ ಕುಡಿಯಲಿಲ್ಲ.

ಆದರೆ ಕಟ್ಟೆಯ ಮೇಲಿನ ಜನಕ್ಕೆ ಆ ಬಡಿಗ್ಯಾ ಕಣ್ಣಿಗೇ ಬೀಳುತ್ತಿರಲಿಲ್ಲ. ಅವನನ್ನು ಎದುರಿಗೆ ಕೂರಿಸಿಕೊಂಡೇ ಗಂಗಿಯ ನ್ಯಾಯ ಬಗೆಹರಿಸುತ್ತಿದ್ದರು. ತಪ್ಪು ಗಂಗೀದೋ, ಸಂಗ್ಯಾಂದೋ? ಎಲ್ಲ ಆ ಪಾರಮ್ಮನ ಕಿತಾಪತಿ ಎಂದು ಒಬ್ಬ. ಬಾಳ್ಯಾನಂಥ ಗೆಳೆಯ ವೈರಿಗೂ ಬ್ಯಾಡ ಎಂದು ಇನ್ನೊಬ್ಬ. ರುಮಾಲಿನ ಮುದುಕನೊಬ್ಬ ಎದ್ದು ನಿಂತು, "ಈ ಆಟ ಕಲಿಸಿದ ಮಾಸ್ತರ ಗಂಗಿನ ಕೆಡಸ್ಯಾನ. ನಾ ಸಣ್ಣಾವಿದ್ದಾಗ ನೋಡಿದ ಗಂಗಿ ಹಿಂಗ ಇರಲಿಲ್ಲ" ಎಂದ. ಮೂವತ್ತು-ನಲವತ್ತು ವರ್ಷದ ಮೇಲೆ ಮಾಳಿಗೆಯಲ್ಲಿ ಅಳಿಯ ಕೂಗಿದ್ದು ಇದೇ ಮಾತನ್ನೇ. ಅವನಿಗೆ ಒಂದು ರುಮಾಲು ಕಡಿಮೆ, ಅಷ್ಟೇ.

ನನಗೆ ಅಳಿಯನ ಆಟದ ಪ್ರಣಯ ಅಷ್ಟು ರುಚಿಸಲಿಲ್ಲ. ಒಂದೊಂದು ಕಾರ್ಯ ಮುಗಿಸಿ ಬಂದಾಗಲೂ ಹೋಗಿ ಟಾಲಿಯನ್ನು ಮಾತಾಡಿಸಬೇಕು, ಪರದೆಯ ಮೇಲೆ ಬರುವ ಎರಡು-ಮೂರು ಮಾತಿನಲ್ಲಿ ಸಿಹಿಯಾದದ್ದನ್ನು ಒತ್ತಬೇಕು, ಅವಳ ಮನೆತನದ ತೊಡಕೊಂದನ್ನು ಬಿಡಿಸಬೇಕು. ಕಿರಾಣಿ ಅಂಗಡಿಯ ಉದ್ರಿ ವಹಿಯಂತೆ ಲೆಕ್ಕ ಚುಕ್ತಾ ಆದಮೇಲೆ ಪ್ರೀತಿ. ಸಂಗ್ಯಾನದೂ ಮಹಾ ಏನಲ್ಲ ಬಿಡಿ. ಆದರೆ ವಿರ್ಮೈರ್ ಎಂಬ ಗ್ರಹದಲ್ಲಿ ಶೆಪರ್ಡ್‌ನ ಜೊತೆಗಾರರಾದ ಆಶ್ಲಿ, ಕೈಡನ್ ಇಬ್ಬರಲ್ಲಿ ಒಬ್ಬರನ್ನು ಸಾಯಲು ಬಿಟ್ಟು ಬರಬೇಕು. ಯಾರನ್ನು ಎಂಬುದು ಆಡುವವನ ಕೈಯಲ್ಲಿ. ಅದನ್ನು ಹೇಳುವಾಗ ಅಳಿಯನ ಸ್ವರ ಇಳಿಯಿತು. ಅಲ್ಲಿ ನನಗೂ ನಗು ಬರಲಿಲ್ಲ. ಸಣ್ಣಾಟದಲ್ಲಿ ಸಂಗ್ಯಾನನ್ನು ಕೊಲ್ಲುವಾಗ ಕಾಕಾನ ಊರಿನವರು ಬೈದರು, ಅತ್ತರು, ಆದರೆ ಚೂರಿ ಅವರ ಕೈಗೆ ಯಾರೂ ಕೊಟ್ಟಿರಲಿಲ್ಲ.

ಮೂರನೇ ಭಾಗದ ಕೊನೆಯಂತೂ ದೊಡ್ಡ ರಾದ್ಧಾಂತ. ವರ್ಷಗಟ್ಟಲೆ ಯೋಚಿಸಿ ಯೋಚಿಸಿ ಮಾಡಿದ ಆಯ್ಕೆಗಳೆಲ್ಲ ಕಡೆಗೆ ಕೆಂಪು, ನೀಲಿ, ಹಸಿರು ಎಂಬ ಮೂರು ಬೆಳಕಿಗೆ ಬಂದು ನಿಂತವು ಎಂದು ಜನ ಸಿಟ್ಟಾದರು. ಆ ಸಿಟ್ಟಿನಲ್ಲೂ ಒಂದು ರಸಿಕತೆ: ಕಂಪನಿಗೆ 400ಕ್ಕೂ ಹೆಚ್ಚು ಕಪ್‌ಕೇಕ್ ಕಳಿಸಿದರು, ಮೇಲೆ ಮೂರು ಬಣ್ಣ, ಒಳಗೆ ಒಂದೇ ರುಚಿ. ಕಂಪನಿ ಅದೇ 2012ರ ಜೂನ್‌ನಲ್ಲಿ ಕೊನೆಯನ್ನು ಹಿಗ್ಗಿಸಿ, ಪುಕ್ಕಟೆಯಾಗಿ ಹಂಚಿತು.

ಮರುದಿನ ಹೊಲದಲ್ಲಿ ಚರಗ ಚೆಲ್ಲಿ, ಬದುವಿನ ಮೇಲೆ ಊಟಕ್ಕೆ ಕೂತಾಗ ಅಳಿಯ ಟಾಲಿಯ ಕಥೆಯ ಉಳಿದ ತುಂಡು ಬಿಚ್ಚಿದ. ಐದು ವರ್ಷ ಗಾಜಿನ ಹಿಂದಿದ್ದ ಆ ಮಾರಿಯನ್ನು ಮೂರನೇ ಭಾಗದಲ್ಲಿ ಕಡೆಗೂ ತೋರಿಸಿದರಂತೆ. ಅವಳನ್ನೇ ಪ್ರೀತಿಸಿದವರಿಗೆ ಮಾತ್ರ, ಹಾಸಿಗೆ ಪಕ್ಕದ ಒಂದು ಫೋಟೋದಲ್ಲಿ. ನೋಡಿದರೆ ಅದು ದುಡ್ಡು ಕೊಟ್ಟರೆ ಯಾರಿಗೂ ಸಿಗುವ, ಯಾರೋ ರೂಪದರ್ಶಿಯ ಚಿತ್ರ. ಅದನ್ನೇ ಅಷ್ಟಿಷ್ಟು ತಿದ್ದಿ ಅಂಟಿಸಿದ್ದರು. ಕೇಳುತ್ತಿದ್ದಂತೆ ನನ್ನ ಮೂಗಿಗೆ ಬೀಡಿಯ ವಾಸನೆ ಬಂತು.

ಭಜ್ಜಿ ಬಡಿಸುತ್ತಿದ್ದ ಅವ್ವ ಇಷ್ಟೂ ಹೊತ್ತು ಸುಮ್ಮನೆ ಕೇಳಿಸಿಕೊಂಡವಳು, "ಗಂಗಿ ತಪ್ಪೋ ಸಂಗ್ಯಾಂದು ತಪ್ಪೋ ಅಂತ ನಿಮ್ಮ ಕಾಕಾನೂ ಇಡೀ ಹರೇದಾಗ ಬಡದಾಡ್ದ. ಆಕಿನ ಒಬ್ಬರರ ಕೇಳ್ಯಾರೇನು?" ಎಂದಳು. ಆಮೇಲೆ ಮೊಮ್ಮಗನ ಕಡೆ ತಿರುಗಿ, "ಸೆರಗ ಸರಸಿ ಮಾರಿ ನೋಡಬೇಕಂತ ಯಾಕ ಅಷ್ಟು ಗಂಟ ಬಿದ್ದಿದ್ರೋ? ಹಾಂಗೇ ಇದ್ದಿದ್ರ ಚಂದ ಇರ್ತಿದ್ಳು" ಎಂದು ಅವನ ತಾಟಿಗೆ ಇನ್ನೊಂದು ಕಡಬು ಹಾಕಿದಳು.

2021ರಲ್ಲಿ ಮೂರೂ ಭಾಗಗಳನ್ನು ತಿದ್ದಿ ಒಟ್ಟಿಗೆ ಹೊರತಂದಾಗ ಆ ಫೋಟೋವನ್ನೂ ಬದಲಾಯಿಸಿದ್ದಾರೆ. ಅಳಿಯನಿಗೆ ಅದೂ ಹಿಡಿಸಿಲ್ಲ.