ಏರಿ ಕೆಳಗೆ ಯಾರು ಮಲಗ್ತಾರೆ?

ಈ ಸಲ ಅಡಿಕೆ, ರಾಗಿ ವಿಷಯ ಬಿಟ್ಟು ನಮ್ಮೂರ ಕೆರೆ ಏರಿ ವಿಷಯ ಬರೀತಿದ್ದೀನಿ. ನನ್ನ ತಪ್ಪೂ ಇದರಲ್ಲಿದೆ, ಮುಚ್ಚಿಡೋದಿಲ್ಲ.

ನಮ್ಮ ಕೆರೆ ದೊಡ್ಡದೇನಲ್ಲ. ಮಣ್ಣಿನ ಏರಿ, ಎತ್ತರ ಸುಮಾರು 20 ಅಡಿ. ನಮ್ಮಪ್ಪನ ಕಾಲದಲ್ಲಿ ಅದರ ಕೆಳಗೆ ಬರೀ ಭತ್ತದ ಗದ್ದೆ ಇತ್ತು. ಈಗ ತೋಟ, ಪಂಪ್‌ಹೌಸು, ಮೂರು ಮನೆ. ಜೊತೆಗೆ ತೋಟದ ಕೆಲಸದವರಿಗೆ ಅಂತ ನಾನು ಹಾಕಿಸಿದ ಶೀಟಿನ ಮನೆ.

2022ರ ಮಳೆಗಾಲದಲ್ಲಿ ಕೆರೆ ತುಂಬಿತು. ಕೋಡಿ ಹರಿದು ನೀರು ಹೋಗೋದನ್ನ ನೋಡಿ ಹೊಟ್ಟೆ ಉರೀತು. ನಾವು ಮೂರು ಜನ ಸೇರಿ ಕೋಡಿ ಮೇಲೆ ಮರಳು ಚೀಲ ಜೋಡಿಸಿದ್ವಿ. ಒಂದೂವರೆ ಅಡಿ ನೀರು ಜಾಸ್ತಿ ನಿಂತರೆ ಬೇಸಿಗೆಗೆ ಬೋರು ಕೈ ಕೊಡಲ್ಲ ಅನ್ನೋ ಆಸೆ. ಈ ಕೆಲಸ ನಿಮ್ಮಲ್ಲೂ ಬಹಳ ಜನ ಮಾಡಿದ್ದೀರಿ.

ಎಂಟು ದಿನ ಆಗಿರಬೇಕು. ಬೆಳಿಗ್ಗೆ ಶೀಟಿನ ಮನೆಯ ಹೆಣ್ಣುಮಗಳು ಬಂದು, "ಯಜಮಾನ್ರ, ಹಿತ್ತಲದಾಗಿನ ಜೌಗು ನೀರು ಇವತ್ತು ಕೆಂಪಗ ಬರಾಕತ್ತೈತ್ರಿ" ಅಂದಳು. ಓಡಿ ಹೋಗಿ ನೋಡಿದರೆ ಏರಿ ಬುಡದಲ್ಲಿ ಹೆಬ್ಬೆರಳು ದಪ್ಪದ ನೀರು, ಮಣ್ಣು ಹೊತ್ತುಕೊಂಡು ಬರ್ತಿದೆ. ಆಕೆಯ ಮಕ್ಕಳಿಬ್ಬರೂ ಇನ್ನೂ ಒಳಗೆ ಮಲಗಿದ್ದವು.

ಜೇಡಿಮಣ್ಣು ಮೆತ್ತಿ ಮುಚ್ಚೋಣ ಅಂತಿದ್ದೆ. ನೀರಾವರಿಯಲ್ಲಿ ಇದ್ದು ನಿವೃತ್ತರಾದ ನಮ್ಮ ಭಾವನಿಗೆ ಫೋನು ಮಾಡಿದೆ. "ಮುಚ್ಚಬೇಡ! ಅಲ್ಲಿ ಕಟ್ಟಿದ್ರೆ ನೀರು ಇನ್ನೊಂದು ಕಡೆ ಕಿತ್ಕೊಂಡು ಬರುತ್ತೆ. ನೀರು ಬರಲಿ, ಮಣ್ಣು ಬರಬಾರದು. ಮೊದಲು ಮಕ್ಕಳನ್ನ ಎಬ್ಬಿಸಿ ಮೇಲಕ್ಕೆ ಕಳಿಸು, ಕೋಡಿ ಚೀಲ ತೆಗೆಸು. ಆಮೇಲೆ ಆ ಬಾಯಿಗೆ ದಪ್ಪ ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲು ಹಾಕು" ಅಂದರು. ಹಾಗೇ ಮಾಡಿದ್ವಿ. ಸಂಜೆ ಹೊತ್ತಿಗೆ ನೀರು ತಿಳಿಯಾಯ್ತು. ಬರೀ ಚೀಲದಿಂದಲೇ ಹೀಗಾಯ್ತು ಅಂತ ಹೇಳಲಾರೆ. ಆದ್ರೆ ಒತ್ತಡ ಹೆಚ್ಚು ಮಾಡಿದ್ದಂತೂ ನಾವೇ.

ಮಾರನೇ ದಿನ ಭಾವ ಬಂದು ಏರಿ ಮೇಲೆ ನಡೆದಾಡಿ ಕೇಳಿದ್ದು ಒಂದೇ: "ರಾತ್ರಿ ಇದರ ಕೆಳಗೆ ಎಷ್ಟು ಜನ ಮಲಗ್ತಾರೆ?"

ಅಣೆಕಟ್ಟುಗಳಿಗೆ ಅಪಾಯದ ದರ್ಜೆ ಅಂತ ಇದೆಯಂತೆ. ಏರಿ ಗಟ್ಟಿ ಇದೆಯೋ ಇಲ್ಲವೋ ಅನ್ನೋದು ಬೇರೆ ಲೆಕ್ಕ. ಒಡೆದರೆ ಕೆಳಗಿನವರಿಗೆ ಏನಾಗುತ್ತೆ ಅನ್ನೋದರ ಮೇಲೆ ದರ್ಜೆ. ಬರೀ ಹೊಲಗದ್ದೆ ಇದ್ದರೆ ಕಡಿಮೆ. ರಸ್ತೆ, ಸೇತುವೆ, ಕರೆಂಟು ಲೈನು ಹೋಗೋ ಹಾಗಿದ್ದರೆ ಮಧ್ಯಮ. ಜನ ಸಾಯೋ ಹಾಗಿದ್ದರೆ ಹೆಚ್ಚು. ಏರಿ ಎಷ್ಟೇ ಚೆನ್ನಾಗಿರಲಿ, ಈ ದರ್ಜೆ ಇಳಿಯಲ್ಲ. ಅಪ್ಪನ ಕಾಲದ ಅದೇ ಏರಿ, ಅದೇ ನೀರು. ದರ್ಜೆ ಏರಿಸಿದ್ದು ಕೆಳಗೆ ಮನೆ ಕಟ್ಟಿದ ನಾವು.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವುಗಳಿಗೆ. 10ರಿಂದ 15 ಮೀಟರ್ ಇರೋದರಲ್ಲಿ ಕೆಲವಕ್ಕೆ ಮಾತ್ರ. ನಮ್ಮದು ಆರೇ ಮೀಟರ್, ಆ ಲೆಕ್ಕಕ್ಕೇ ಬರಲ್ಲ. 2019ರ ಜುಲೈನಲ್ಲಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅನ್ನೋ ಮಣ್ಣಿನ ಅಣೆಕಟ್ಟು ರಾತ್ರಿ ಹೊತ್ತು ಒಡೆದು ಕೆಳಗಿನ ಮನೆಗಳು ಜನರ ಸಮೇತ ಕೊಚ್ಚಿ ಹೋದವು. ಸೋರ್ತಾ ಇದೆ ಅಂತ ಊರವರು ಮೊದಲೇ ದೂರು ಕೊಟ್ಟಿದ್ದರು. ಆಮೇಲೆ ಅಲ್ಲಿನ ಮಂತ್ರಿಯೊಬ್ಬರು ಏಡಿಗಳು ಕೊರೆದು ಒಡೀತು ಅಂದರು.

ನಾನು ಶೀಟಿನ ಮನೆ ಕಿತ್ತು ಮೇಲಿನ ದಿಣ್ಣೆಗೆ ಹಾಕಿಸಿದೆ. ಖರ್ಚಾಯ್ತು, ಮನೆಯವಳು ಬೈದಳು. ಚೀಲ ಮತ್ತೆ ಇಟ್ಟಿಲ್ಲ. ಆ ಮೂರು ಮನೆ ಮಾತ್ರ ಇನ್ನೂ ಅಲ್ಲೇ ಇವೆ. "ನಮ್ಮ ತಾತನ ಕಾಲದಿಂದ ಒಡೆದಿಲ್ಲ" ಅಂತಾರೆ. ಅವರ ಫೋನ್ ನಂಬರ್ ಬರೆದಿಟ್ಕೊಂಡಿದ್ದೀನಿ. ಜೋರು ಮಳೆ ಬಂದ ರಾತ್ರಿ ಟಾರ್ಚ್ ಹಿಡಿದು ಏರಿ ಬುಡ ನೋಡಿ ಬರ್ತೀನಿ.

ನೀವೂ ಮಳೆಗೆ ಮುಂಚೆ ಒಂದು ಸಲ ಏರಿ ಬುಡದುದ್ದಕ್ಕೂ ನಡೀರಿ. ಹುತ್ತ, ಇಲಿ ಬಿಲ, ಜೌಗು ಎಲ್ಲಿದೆ, ಕೋಡಿಗೆ ಏನು ಅಡ್ಡ ಇದೆ ನೋಡಿ. ಕೆಳಗೆ ಮಲಗೋರನ್ನ ಎಣಿಸಿ. ನಿಮ್ಮ ಕೆರೆ ಲೆಕ್ಕ ಇಲ್ಲಿ ಬರೆದು ತಿಳಿಸಿ.