ಗುಲಾಬಿ ಕುದುರೆಗೆ ಕಂದು ಬಣ್ಣ

ಕುದುರೆಗೆ ಬಣ್ಣ ಬಳಿಯುವುದೂ ಒಂದು ಪ್ರಬಂಧದ ವಸ್ತುವೇ ಎಂದು ನಮ್ಮ ಸಂಘದ ಮಿತ್ರರು ಮೂಗು ಮುರಿಯಬಹುದು. ಅದೂ ನಿಜವಾದ ಕುದುರೆಯಲ್ಲ, ಗೇಣುದ್ದವೂ ಇಲ್ಲದ ಪ್ಲಾಸ್ಟಿಕ್ ಪೋನಿ. ಮುರಿಯಲಿ. ಎರಡು ತಿಂಗಳಿಂದ ನನ್ನ ಉಗುರಿನ ಸಂದಿಯಲ್ಲಿ ಕಂದು ಬಣ್ಣ ಕೂತಿದೆ. ಲೈಬ್ರರಿಯಲ್ಲಿ ಪುಸ್ತಕ ಕೊಡುವವರು ಕೂಡ, "ಏನ್ರೀ, ಮನೀಗೆ ಬಣ್ಣ ಹಚ್ಚಾಕ ಹತ್ತೀರೇನು?" ಎಂದು ಕೇಳಿಯಾಯಿತು. ಎಲ್ಲರಿಗೂ ಸೇರಿ ಉತ್ತರವನ್ನು ಇಲ್ಲೇ ಬರೆದುಬಿಡುತ್ತೇನೆ.

ನನ್ನ ಅಕ್ಕನ ಮಗಳಿಗೆ ಆರು ವರ್ಷ. ಡೊಂಬಿವಲಿಯಲ್ಲೇ ಹುಟ್ಟಿದವಳು. ಮನೆಯೊಳಗೆ ಧಾರವಾಡದ ಕನ್ನಡ, ಕೆಳಗೆ ಅಂಗಳದಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಈ ಮೂರೂ ಭಾಷೆಗಳಲ್ಲಿ ಅವಳು ಬಹಳ ಬೇಗ ಕಲಿತ ಒಂದು ಶಬ್ದವಿದೆ: ಕರೀಕಿ, ಕಾಳೀ, ಬ್ಲ್ಯಾಕಿ. ನೆಂಟರು ಪ್ರೀತಿಯಿಂದಲೇ ಅನ್ನುತ್ತಾರೆ, ಅದೇ ತೊಂದರೆ. ಬೈದವರಿಗಾದರೆ ತಿರುಗಿ ಬೈಯಬಹುದು. ಮದುವೆ ಮುಂಜಿಗೆ ಹೋದಲ್ಲೆಲ್ಲ ಯಾರಾದರೊಬ್ಬರು ಅಕ್ಕನಿಗೆ ಕಡಲೆಹಿಟ್ಟಿನ ಉಪಾಯ ಹೇಳಿ ಕಳಿಸುತ್ತಾರೆ. ಅಕ್ಕ ಭಾನುವಾರಕ್ಕೊಮ್ಮೆ ತಪ್ಪದೆ ಹಚ್ಚುತ್ತಲೂ ಇದ್ದಳು.

ಮೇ ತಿಂಗಳಲ್ಲಿ ಎಲ್ಲರೂ ಮಾಥೇರಾನಕ್ಕೆ ಹೋಗಿದ್ದೆವು. ಕರ್ಜತ್ ಲೋಕಲ್ ಹಿಡಿದು ನೇರಳದಲ್ಲಿ ಇಳಿದು, ಅಲ್ಲಿಂದ ಟ್ಯಾಕ್ಸಿಯಲ್ಲಿ ಘಾಟ ಹತ್ತಿದರೆ ದಸ್ತೂರಿ ನಾಕಾದಲ್ಲಿ ಗಾಡಿ ನಿಂತುಬಿಡುತ್ತದೆ. ಮುಂದೆ ಕೆಂಪು ಮಣ್ಣಿನ ದಾರಿ, ಕುದುರೆಗಳ ಸಾಲು. ಘೋಡೇವಾಲಾ ಇವಳನ್ನು ಎತ್ತಿ ಕೂರಿಸಿದ್ದು ಒಂದು ಕಂದು ಕುದುರೆಯ ಮೇಲೆ. ಅದರ ಕುತ್ತಿಗೆಯ ಮೇಲೆ ತನ್ನ ಕೈ ಚಾಚಿ ಇಟ್ಟು ನೋಡಿ ಕೂಗಿದಳು: "ಮಾಮಾ, ನೋಡಿಲ್ಲೆ, ಇದು ನನ್ನ ಬಣ್ಣ ಅದ!"

ಮನೆಗೆ ಬಂದವಳೇ ತನ್ನ ಗುಲಾಬಿ ಪೋನಿಯನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು. ಇದಕ್ಕೂ ಆ ಬಣ್ಣ ಹಚ್ಚಬೇಕಂತೆ. "ಛಲೋ ಗೊಂಬಿ ಯಾಕ ಕೆಡಸ್ತೀಯೋ? ಎಲ್ಲಾರೂ ಬೆಳ್ಳಗ ಮಾಡಾಕ ನೋಡ್ತಾರ, ನೀ ಕರ್ರಗ ಮಾಡ್ತೀ," ಎಂದು ಅಕ್ಕ ಗೊಣಗಿದಳು.

ಗುಲಾಬಿಯೇ ಈ ಆಟಿಕೆಯ ಹುಟ್ಟುಬಣ್ಣ ಎಂದು ನಾನೂ ತಿಳಿದಿದ್ದೆ. ಹಾಗಲ್ಲ. ಅಮೆರಿಕದ ಹ್ಯಾಸ್‌ಬ್ರೋ ಕಂಪನಿ 1981ರಲ್ಲಿ 'ಮೈ ಪ್ರೆಟಿ ಪೋನಿ' ಎಂಬ ಹೆಸರಿನಲ್ಲಿ ಮೊದಲು ತಂದ ಕುದುರೆ ಕಂದು ಬಣ್ಣದ್ದೇ. ಬಾನಿ ಜಾಕರ್ಲಿ ಎಂಬ ಚಿತ್ರಗಾರ್ತಿಯ ಕಲ್ಪನೆ ಅದು. ಗುಲಾಬಿ, ನೀಲಿ, ನೇರಳೆ ಬಣ್ಣದ ಸಣ್ಣ 'ಮೈ ಲಿಟ್ಲ್ ಪೋನಿ'ಗಳು ಬಂದದ್ದು 1983ರಲ್ಲಿ. ನಮ್ಮ ಮನೆಯದಂತೂ ಫುಟ್‌ಪಾತಿನಲ್ಲಿ ಕೊಂಡ ನಕಲು. ಆದರೂ ವಂಶ ಅದೇ ತಾನೇ!

ಮೆತ್ತನೆಯ ಪ್ಲಾಸ್ಟಿಕ್ಕಿಗೆ ಎಣ್ಣೆಬಣ್ಣ ಆಗದು, ನೈಲ್ ಪಾಲಿಶ್ ಅಂತೂ ಆಗಲೇ ಆಗದು. ಪ್ಲಾಸ್ಟಿಕ್ ಮೆತ್ತಗಿರಲೆಂದು ಸೇರಿಸಿದ ಪದಾರ್ಥ ಬಣ್ಣದೊಳಕ್ಕೆ ಏರಿ, ಅದು ವರ್ಷವಾದರೂ ಅಂಟಂಟಾಗಿಯೇ ಉಳಿಯುತ್ತದೆ. ಅಕ್ರಿಲಿಕ್ಕಿನದು ಬೇರೆ ಸ್ವಭಾವ. ನೀರು ಆರಿಹೋದಂತೆ ಅದರೊಳಗಿನ ರಾಳದ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಆಮೇಲೆ ನೀರು ಸುರಿದರೂ ಕರಗುವುದಿಲ್ಲ. ಹಾಗಾಗಿ ಕುದುರೆಗೆ ಮೊದಲು ಪಾತ್ರೆ ತೊಳೆಯುವ ಸೋಪಿನಲ್ಲಿ ಅಭ್ಯಂಜನ, ನಂತರ ನಯವಾದ ಮರಳುಕಾಗದದಿಂದ ಹಗುರಾಗಿ ತಿಕ್ಕು. ಜೂಲು ಮಾತ್ರ ನೇರಳೆಯಾಗಿಯೇ ಇರಬೇಕೆಂದು ಅಪ್ಪಣೆಯಾಗಿತ್ತು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಬ್ಬರ್‌ಬ್ಯಾಂಡ್ ಹಾಕಿದೆ.

ಅಂಗಡಿಯಲ್ಲಿ ಕಂದು ಎಂಬ ಹೆಸರಿನ ಟ್ಯೂಬು ಸಿಗುತ್ತದೆ. ಆದರೆ ಇವಳ ಕೈಯ ಕಂದು ಸಿಗುವುದಿಲ್ಲ. ಬರ್ಂಟ್ ಸಿಯೆನಾ, ಯೆಲ್ಲೋ ಓಕರ್, ಅಲ್ಟ್ರಾಮರೀನ್ ನೀಲಿ ಮೂರನ್ನೂ ತಂದೆ. ಸಿಯೆನಾ ಅಂದರೆ ಕಬ್ಬಿಣದ ಅಂಶವಿರುವ ಮಣ್ಣು. ಅದನ್ನು ಸುಟ್ಟರೆ ಕೆಂಪಗಾಗುತ್ತದೆ. ಮಾಥೇರಾನದ ದಾರಿಯನ್ನು ಕೆಂಪು ಮಾಡಿರುವುದೂ ಕಬ್ಬಿಣವೇ. ಅಕ್ರಿಲಿಕ್ ಹಸಿಯಿದ್ದಾಗ ಹಾಲು ಬೆರೆಸಿದಂತೆ ತಿಳಿಯಾಗಿ ಕಾಣುತ್ತದೆ, ಒಣಗಿದ ಮೇಲೆ ಗಾಢವಾಗುತ್ತದೆ. ಕಣ್ಣಳತೆ ನಡೆಯುವುದಿಲ್ಲ. ಆದ್ದರಿಂದ ಹಳೆಯ ಲಗ್ನಪತ್ರಿಕೆಗಳನ್ನು ಚೀಟಿ ಚೀಟಿಯಾಗಿ ಕತ್ತರಿಸಿ, ಒಂದೊಂದಕ್ಕೂ ಬೇರೆ ಬೇರೆ ಮಿಶ್ರಣ ಬಳಿದು, ಒಣಗಿಸಿ, ಅವಳ ಕೈಪಕ್ಕ ಹಿಡಿಯುತ್ತ ಹೋದೆ.

ಬರೀ ಸಿಯೆನಾ ಬಳಿದದ್ದಕ್ಕೆ, "ಇದು ಹಂಚು," ಅಂದಳು. ಓಕರ್ ಹೆಚ್ಚಾಯಿತು. "ಇದು ಬೆಲ್ಲ." ನೀಲಿಯನ್ನು ಕಡ್ಡಿಯ ತುದಿಯಲ್ಲಿ ತಾಗಿಸಿದಷ್ಟು ಸೇರಿಸಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಕೈಯನ್ನು ಹಿಂದೆ ಮುಂದೆ ಹೊರಳಿಸಿ ನೋಡಿ, "ಮಾಮಾ, ಮ್ಯಾಲಿನ ಕೈ ಬ್ಯಾರೆ ಅದ, ಒಳಗಿನ ಕೈ ಬ್ಯಾರೆ ಅದ. ನನ್ನ ಹತ್ರ ಎರಡು ಬಣ್ಣ ಅವ!" ಅಂದಳು. ಎರಡಲ್ಲ, ಮೊಣಕಾಲು ಸೇರಿಸಿ ಮೂರಾದವು. ಚೀಟಿಗಳು ಹನ್ನೊಂದಕ್ಕೆ ಏರಿದವು. ಆಗ ಅಡುಗೆಮನೆಯಿಂದ ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಳೆ ಹಿಂದೆ ಸರಿಸಿ, ತನ್ನ ಕೈಯನ್ನೂ ಮಗಳ ಕೈಯ ಪಕ್ಕ ಚಾಚಿ, "ನಂದು ಯಾವ ಚೀಟಿ ನೋಡೋ," ಅಂದಳು. ಮಗಳು ಹುಡುಕಿ ಏಳನೆಯದನ್ನು ಕೊಟ್ಟಳು.

ಬಳಿಯುವ ಕೆಲಸ ಅದಕ್ಕಿಂತ ಸುಲಭ, ಸಹನೆ ಮಾತ್ರ ಹೆಚ್ಚು ಬೇಕು. ಮೊದಲ ಪದರ ಗೀರುಗೀರಾಗಿ, ಗುಲಾಬಿ ಇಣುಕುತ್ತ, ಚರ್ಮರೋಗ ಹತ್ತಿದ ಕುದುರೆಯಂತೆ ಕಾಣುತ್ತದೆ. ದಪ್ಪ ಬಳಿದು ಮುಚ್ಚಹೋದರೆ ಕುಂಚದ ಗೆರೆ ಉಳಿಯುತ್ತದೆ. ತೆಳುವಾಗಿ, ಒಣಗಿಸಿ ಒಣಗಿಸಿ, ಆರು ಸಲ ಬಳಿದೆ. ಜುಲೈ ತಿಂಗಳ ಡೊಂಬಿವಲಿಯಲ್ಲಿ ಒಣಗುವುದು ಎಂದರೇನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹಗ್ಗದ ಮೇಲಿನ ಬನಿಯನ್ನೇ ಮೂರು ದಿನ ತೆಗೆದುಕೊಳ್ಳುತ್ತದೆ. ಹೊಟ್ಟೆಗೆ ಅವಳ ಒಳಗೈಯ ಬಣ್ಣ ಹಾಕಿದೆ. ಕಣ್ಣುಗಳನ್ನು ಮುಟ್ಟಲಿಲ್ಲ. ಆದರೆ ಆ ಕಣ್ಣಿನ ಸುತ್ತ, ರೆಪ್ಪೆಯ ಗೆರೆ ಕೆಡದಂತೆ, ಸೊನ್ನೆ ನಂಬರಿನ ಕುಂಚ ಹಿಡಿದು ಉಸಿರು ಬಿಗಿಹಿಡಿದು ಕಳೆದ ಸಂಜೆಗಳಲ್ಲಿ ಒಂದು ಟ್ಯುಟೋರಿಯಲ್ ಬರೆದು ಮುಗಿಸಬಹುದಿತ್ತು.

ಕಳೆದ ಭಾನುವಾರ ಕಡಲೆಹಿಟ್ಟಿನ ಡಬ್ಬಿ ತೆಗೆದ ಅಕ್ಕ ಈರುಳ್ಳಿ ಭಜಿ ಮಾಡಿದಳು. ಕುದುರೆ ಕಿಟಕಿಯಲ್ಲಿ ನಿಂತಿದೆ. ಗೊರಸಿಗೆ ಕಪ್ಪು ಆಗಿದೆ, ವಾರ್ನಿಷ್ ಬಾಕಿ ಇದೆ. ಈ ಹಸಿ ಗಾಳಿಯಲ್ಲಿ ಹಾಕಿದರೆ ಮಂಜು ಹಿಡಿದಂತೆ ಮಬ್ಬಾದೀತು, ಎರಡು ದಿನ ಬಿಸಿಲು ಬರಲಿ ಎಂದು ಕಾಯುತ್ತಿದ್ದೇವೆ. ಅಲ್ಲಿಯವರೆಗೆ ಯಾರೂ ಮುಟ್ಟಕೂಡದೆಂದು ಅವಳೇ ಮೂರು ಭಾಷೆಯಲ್ಲಿ ಚೀಟಿ ಬರೆದು ಅಂಟಿಸಿದ್ದಾಳೆ.